ಹದಿನೈದನೆಯ ದಿನದ ಒಣದ್ರಾಕ್ಷಿ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು. ನನ್ನ ಸೀಟಿ ಕೇಳಿದರೆ ಊರ ನಾಯಿಗಳೂ ಸಾಲಾಗಿ ನಿಲ್ಲುತ್ತಿದ್ದವು. ನಿವೃತ್ತನಾದ ಮೇಲೆ ಆ ಶಿಸ್ತನ್ನೆಲ್ಲ ನಮ್ಮ ದ್ರಾಕ್ಷಿ ಶೆಡ್ಡಿಗೆ ತಂದೆ. ಬಲೆಯ ಮೇಲೆ ಒಣಹಾಕಿದ ದ್ರಾಕ್ಷಿಯನ್ನು ಹದಿನೈದನೆಯ ದಿನ ಬೆಳಿಗ್ಗೆ ಆರಕ್ಕೆ ಬಡಿದು ಉದುರಿಸಬೇಕು. ಹದಿನಾಲ್ಕಲ್ಲ, ಹದಿನಾರಲ್ಲ. ಇದನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುವವರು ಅಥಣಿ ತಾಲೂಕಿನಲ್ಲಿದ್ದರೆ ಮುಂದೆ ಬರಲಿ!

ಧಾರವಾಡದಲ್ಲಿ ಚಿತ್ರಕಲೆ ಕಲಿಯುವ ಮೊಮ್ಮಗಳು ವೈಷ್ಣವಿ ಈ ಸಲ ಪರೀಕ್ಷೆಗೆಂದು ಶೆಡ್ಡಿನ ಒಂದು ಸಾಲು ಕೇಳಿದಳು. ತಾನೇ ದ್ರಾಕ್ಷಿ ಹರಡಿದಳು.

"ಅಜ್ಜಾ, ಪರೀಕ್ಷಾ ಮಾಡವ್ರು ಇಲ್ಲಿಗೇ ಬರ್ತಾರ. ಅಲ್ಲೀತನಕ ಈ ಸಾಲ ಮುಟ್ಟಬ್ಯಾಡ್ರಿ."

"ಆತವಾ. ಚಿತ್ರ ಎಲ್ಲೈತಿ?"

"ಇದೇ ಚಿತ್ರ. ಇನ್‌ಸ್ಟಲೇಷನ್ ಅಂತಾರ."

ಚಿತ್ರವೆಂದರೆ ಗೋಡೆಗೆ ಮೊಳೆ ಹೊಡೆದು ತೂಗುಹಾಕುವಂಥದು. ದ್ರಾಕ್ಷಿಯೇ ಚಿತ್ರವಾದರೆ ನಮ್ಮ ಎಮ್ಮೆಯನ್ನು ಏನೆನ್ನಬೇಕು? ಕೆಳಗೆ ನಿಂತು ನೋಡಿದೆ. ಕೆಲವು ಹಳದಿ, ಕೆಲವು ಕಂದು, ಕೆಲವು ಕಪ್ಪು. ಶಿಸ್ತೆಂಬುದೇ ಇಲ್ಲ! ಹುಡುಗಿ ದಿನಾಲೂ ಏಣಿ ಹತ್ತಿ ಮೇಲಿನಿಂದ ನೋಡುತ್ತಿದ್ದಳು. ನನಗೆ ಏಣಿಯ ಅಗತ್ಯ ಕಾಣಲಿಲ್ಲ.

ಪರೀಕ್ಷಕರು ಬರುವ ದಿನವೇ ಹದಿನೈದನೆಯ ದಿನ. ಅವರು ಬರುವುದು ಹನ್ನೊಂದಕ್ಕೆ. ಹುಡುಗಿ ಇನ್ನೂ ಮಲಗಿದ್ದಳು. ಪರಸ್ಥಳದವರ ಎದುರು ಕೆಲಸ ಬಾಕಿ ಕಂಡರೆ ಮನೆತನದ ಮಾನವೇನು? ಮುಟ್ಟಬೇಡಿ ಎಂದಿದ್ದಳು, ನಿಜ. ಅದಕ್ಕೇ ಕೋಲಿನಿಂದ ಬಡಿದೆ!

ಏಳರೊಳಗೆ ಎಲ್ಲ ನೆಲಕ್ಕೆ. ಜರಡಿ ಹಿಡಿದೆ, ತೊಟ್ಟು ತೆಗೆದೆ, ಬಣ್ಣದ ಪ್ರಕಾರ ಪೆಟ್ಟಿಗೆ ತುಂಬಿದೆ. ಹೆಂಡತಿ ಕಮಲಾ ಚಹಾ ತಂದಳು. ಅವಳ ಹಿಂದೆಯೇ ವೈಷ್ಣವಿ.

"ಅಜ್ಜಾ! ಅಜ್ಜಿ ಎಲ್ಲಿ ಹೋದ್ಳು?"

"ಇಲ್ಲೇ ನಿಂತಾಳಲ್ಲ, ಚಹಾ ಹಿಡಕೊಂಡು."

ಹುಡುಗಿ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ಏಣಿಯ ಮೇಲಿನಿಂದ ತೆಗೆದ ಫೋಟೊ. ಹತ್ತಡಿ ಉದ್ದದ ಕಮಲಾ ನಗುತ್ತಿದ್ದಳು! ಹಳದಿ ದ್ರಾಕ್ಷಿಯ ಕೆನ್ನೆ, ಕಪ್ಪು ದ್ರಾಕ್ಷಿಯ ಕೂದಲು. ದಿನ ಕಳೆದಂತೆ ದ್ರಾಕ್ಷಿ ಒಣಗಿ ಮುಖಕ್ಕೆ ಸುಕ್ಕು ಬೀಳುವುದೇ ಆ ಕಲೆಯಂತೆ. ಹಾಗಂತ ಮೊದಲೇ ಹೇಳಬೇಕೋ ಬೇಡವೋ?

ಕಮಲಾ ಫೋಟೊ ನೋಡಿದಳು. "ನಲವತ್ತೈದ ವರ್ಷದಾಗ ನನ್ನ ಮುಖಾ ಒಮ್ಮೆ ಸರಿಯಾಗಿ ನೋಡಿದ್ರ ಗುರ್ತಾ ಸಿಗ್ತಿತ್ತ ನಿಮಗ."

"ಇವತ್ತ ಮಾರ್ಕ್ಸ್ ಬರಲಿಲ್ಲಂದ್ರ ನನ್ನ ವರ್ಷಾನೇ ಹೋತು ಅಜ್ಜಾ," ಎಂದಳು ವೈಷ್ಣವಿ.

"ಇನ್ನ ಮೂರ ತಾಸ ಐತಿ. ನಾ ಅದೇನಿ!" ಎಂದೆ.

ಫೋಟೊ ನೋಡುತ್ತ ಒಂದೊಂದೇ ಕಾಳು ಜೋಡಿಸಿದೆ. ಒಣಗಿದ ಕಾಳು ಬಲೆಯ ಕಣ್ಣಿನಿಂದ ಕೆಳಗೆ ಉದುರಿದವು. ತಾಡಪತ್ರಿ ಹಾಸಿ ಮತ್ತೆ ಜೋಡಿಸಿದೆ. ಹತ್ತೂವರೆಗೆ ಮುಖವೊಂದು ಸಿದ್ಧವಾಯಿತು. ಕಮಲಾ ಏಣಿ ಹತ್ತಿದಳು.

"ಇದ್ಯಾರ್ರೀ?"

"ನೀನೇ."

"ನನಗ ಮೀಸಿ ಯಾವಾಗ ಬಂದ್ವು?"

ಅಂದ ಇರಲೆಂದು ತುಟಿಯ ಮೇಲೆ ಒಂದು ಸಾಲು ಹೆಚ್ಚು ಹಾಕಿದ್ದೆ.

ಹನ್ನೊಂದಕ್ಕೆ ಸರಿಯಾಗಿ ಇಬ್ಬರು ಪರೀಕ್ಷಕರು ಬಂದರು. ಹಿರಿಯರು ಏಣಿ ಹತ್ತಿ ಬಹಳ ಹೊತ್ತು ನೋಡಿ, "ಇದು ನಿನ್ನ ಕೆಲಸವೇನಮ್ಮ?" ಎಂದರು.

"ಅಲ್ರಿ ಸರ್. ನಮ್ಮ ಅಜ್ಜಾರದು."

ಅವರು ಸರಸರ ಇಳಿದುಬಿಟ್ಟರು!

ನಾನು ಎದೆ ಸೆಟೆಸಿ ನಿಂತು ತಪ್ಪೊಪ್ಪಿಕೊಂಡೆ. ಅಷ್ಟು ವರ್ಷ ಹುಡುಗರ ಬಾಯಿಂದ ಒಪ್ಪಿಸಿದವನು ತಾನೇ ಒಪ್ಪಿಕೊಂಡದ್ದು ಅದೇ ಮೊದಲು. ಅವರು ಫೋಟೊಗಳನ್ನು ನೋಡಿ, ಇನ್ನೊಮ್ಮೆ ಮಾಡಿ ತೋರಿಸಲು ಹದಿನೈದು ದಿನ ಕೊಟ್ಟರು.

ಈಗ ಹುಡುಗಿ ಹೊಸ ದ್ರಾಕ್ಷಿ ಹರಡಿದ್ದಾಳೆ. ಶೆಡ್ಡಿನ ಕಂಬಕ್ಕೆ ಮೊಮ್ಮಗಳು ಒಂದು ರಟ್ಟು ಕಟ್ಟಿದ್ದಾಳೆ: "ಅಜ್ಜನಿಗೆ ಪ್ರವೇಶ ಸಂಜೆ ಐದರಿಂದ ಐದೂ ಹತ್ತರವರೆಗೆ. ಕೈಗಳು ಬೆನ್ನ ಹಿಂದಿರಬೇಕು." ನನ್ನದೇ ಶೆಡ್ಡು! ನನ್ನದೇ ದ್ರಾಕ್ಷಿ! ನನ್ನದೇ ಹೆಂಡತಿ!

ನಿನ್ನೆ ಹೋದಾಗ ಐದೂ ಹನ್ನೊಂದಾಗಿತ್ತು. ಏಣಿಯ ಮೇಲೆ ಕೂತಿದ್ದ ಕಮಲಾ ಕೈಗಡಿಯಾರ ನೋಡಿ, "ನಾಳಿಗಿ ಬರ್ರಿ," ಎಂದಳು.

ಡ್ರಿಲ್ಲಿನಂತೆ ಹಿಮ್ಮಡಿ ಬಡಿದು ಹಿಂದೆ ತಿರುಗಿ, ಮನೆಗೆ ನಡೆದೆ.