ಬೋಳುತಲೆಯ ರಾಜಕುಮಾರ

ಹತ್ತು ಮಂದಿಗೆ ವೇಷ, ಒಂದು ಸಿಂಹಾಸನ, ಗಡ್ಡ-ಮೀಸೆ-ಕಿರೀಟ ಎಲ್ಲ ಸೇರಿ ಐದು ಸಾವಿರ ರೂಪಾಯಿ. ದೇವದುರ್ಗದ ಹೈಸ್ಕೂಲೊಂದರ ಹೆಡ್‌ಮಾಸ್ತರು ರಾಯಚೂರಿನ ನನ್ನ ಅಂಗಡಿಗೆ ಬಂದು ಕುದುರಿಸಿದ ವ್ಯವಹಾರ ಇದು. ನಾಟಕದ ಸಾಮಾನು ಬಾಡಿಗೆಗೆ ಕೊಡುವವನಿಗೆ ಪ್ರಸಂಗಗಳಿಗೇನೂ ಬರವಿಲ್ಲ. ಮಾನ್ವಿಯಲ್ಲಿ ಗದೆ ಮರೆತು ಬಂದ ಭೀಮನೊಬ್ಬ ರಂಗದ ಮೇಲೆಯೇ ದುರ್ಯೋಧನನಿಗೆ, "ನಿಂದು ಸ್ವಲ್ಪ ಕೊಡಲೇ, ಹೊಡದು ವಾಪಸ್ ಕೊಡ್ತೀನಿ" ಅಂದಿದ್ದ. ಅವನು ಕೊಟ್ಟೂಬಿಟ್ಟ. ಆದರೆ ದೇವದುರ್ಗದ್ದು ಬೇರೆ.

೧. ತಲೆ ತಯಾರಿದೆ

ವಾರ ಬಿಟ್ಟು ಹೆಡ್‌ಮಾಸ್ತರು ಮತ್ತೆ ಬಂದರು.

"ಸಾವ್ಕಾರ್ರೀ, ಒಂದು ಟೋಪನ್ ಕಡಿಮಿ ಮಾಡ್ರಿ."

ಟೋಪನ್ ಅಂದರೆ ನಾಟಕದವರು ಇಡುವ ಸುಳ್ಳು ಕೂದಲು. ಯಾಕೆ ಅಂದೆ.

"ರಾಜಕುಮಾರನ ಪಾರ್ಟಿನ ಹುಡುಗ ಹತ್ತನೇ ಕ್ಲಾಸು. ಶಕ್ತಿನಗರದಾಗ ಗುತ್ತಿಗಿ ಕೆಲಸಕ್ಕಿದ್ದ ಅವರಪ್ಪ ಹೋದ ತಿಂಗಳು ತೀರಿಕೊಂಡ. ಹುಡುಗ ಒಂದು ಹನಿ ಕಣ್ಣೀರು ಹಾಕಿಲ್ಲಂತ. ನಾಟಕದಾಗ ರಾಜ ಸತ್ತಾಗ ಇವ ಅಳಬೇಕು. ಸ್ಟೇಜಿನ ಮ್ಯಾಲ ಏನರ ಆದ್ರ? ಅದಕ್ಕ ಸನ್ಯಾಸಿ ಪಾರ್ಟ್ ಕೊಡಾಕತ್ತೀವಿ. ತಲಿ ಹೆಂಗೂ ಬೋಳಿಸ್ಯಾರ, ತಯಾರ ಅದ."

ಅಂದ ಮೇಲೆ ಅವರಿಗೇ ಹೇಗೋ ಆಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

೨. ಮಾಯೆ

ಅಳತೆ ತೆಗೆಯಲು ಶಾಲೆಗೆ ಹೋದೆ. ರಾಜಕುಮಾರಿಯ ಪಾರ್ಟಿನ ಹುಡುಗಿ ಹೆಡ್‌ಮಾಸ್ತರ ಎದುರು ಜಗಳಕ್ಕೆ ನಿಂತಿದ್ದಳು.

"ಸರ್, ಅವನ ಪಾರ್ಟ್ ಅವಗ ಕೊಡ್ರಿ. ಹೊಸ ರಾಜಕುಮಾರ ಗಾಬರಿ ಬಿದ್ದು ನಿನ್ನೆ ನನಗ 'ಯವ್ವಾ' ಅಂದಾನ."

ಬೋಳುತಲೆಯ ಹುಡುಗ ಮೆಟ್ಟಿಲ ಮೇಲೆ ಕೂತಿದ್ದ. ನಿನಗೇನು ಬೇಕೋ ಎಂದು ಕೇಳಿದೆ.

"ಸನ್ಯಾಸಿಗೆ ಒಂದ ಮಾತು ಅದರೀ, 'ಎಲ್ಲವೂ ಮಾಯೆ' ಅಂತ. ಮನಿಗೆ ಬಂದವ್ರೆಲ್ಲ ಅದನ್ನ ಹೇಳಾಕತ್ತಾರ. ಇಲ್ಲಿ ನಾನೂ ಹೇಳಬೇಕೇನು? ನನಗ ರಾಜಕುಮಾರನ ಪಾರ್ಟ್ ಬೇಕ್ರಿ."

"ಮಾಸ್ತರ, ಬೋಳು ತಲಿಗೆ ಗೋಂದು ಹಿಡದಂಗ ಯಾವ ತಲಿಗೂ ಹಿಡಿಯಂಗಿಲ್ಲ" ಅಂದೆ. ಒಂದು ಟೋಪನ್ನಿನ ಬಾಡಿಗೆ ಬಿಡಲು ನನಗೂ ಮನಸ್ಸಿರಲಿಲ್ಲ. ಅವರು ಒಪ್ಪಿದರು.

೩. ಸತ್ತವನ ಮೂಗು

ನಾಟಕದ ಸಂಜೆ ನೋಡಿದರೆ ಹುಡುಗನ ತಲೆ ಮೇಲೆ ಕೂದಲು ಚಿಗುರಿತ್ತು. ಸಾಲದ್ದಕ್ಕೆ ಸೆಕೆ. ನನ್ನ ಗೋಂದು ಕೈಕೊಟ್ಟಿತು.

ರಾಜ ಸತ್ತ. ರಾಜಕುಮಾರ ಅವನ ಎದೆ ಮೇಲೆ ಬಗ್ಗಿದ. ಕಿರೀಟದ ಸಮೇತ ಟೋಪನ್ ಜಾರಿ ಸತ್ತವನ ಮುಖದ ಮೇಲೆ ಬಿತ್ತು.

ಬೇರೆ ದಿನವಾಗಿದ್ದರೆ ಮಂದಿ ಸಿಳ್ಳೆ ಹೊಡೆಯುತ್ತಿದ್ದರು. ಆ ತಲೆ ಯಾಕೆ ಬೋಳು ಎಂಬುದು ಎಲ್ಲರಿಗೂ ಗೊತ್ತಿತ್ತು. ಗಂಡಸರು ನೆಲ ನೋಡಿದರು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಹುಡುಗ ಬರಿದಲೆಯಲ್ಲಿ ಹಾಗೇ ನಿಂತ.

ಕೂದಲೊಳಗಿಂದ ರಾಜನ ದನಿ ಬಂತು: "ಲೇ, ತಗಿಯೋ, ಮೂಗಿನಾಗ ಹೋಗ್ಯಾವ!" ಆಮೇಲೆ ಸತ್ತ ರಾಜ ಎರಡು ಸಲ ಸೀನಿದ.

ಹೆಂಗಸರ ಸಾಲಿನಲ್ಲಿ ಒಬ್ಬಳ ಹೆಗಲು ಅಲುಗಿತು. ಹುಡುಗನ ತಾಯಿ. ಅಳುತ್ತಾಳೆಂದು ಪಕ್ಕದವರು ಬೆನ್ನು ಸವರಿದರು.

"ಬಿಡ್ರೇ ಯವ್ವಾ, ನಗಾಕತ್ತೀನಿ" ಅಂದಳು.

ಆಗ ಇಡೀ ಮೈದಾನ ನಕ್ಕಿತು. ಹುಡುಗ ತಾಯಿಯನ್ನು ನೋಡಿದ, ಕೂತ, ಬಿಕ್ಕಿ ಬಿಕ್ಕಿ ಅತ್ತ. ಅದು ನಾಟಕದ ಅಳುವಲ್ಲ. ರಾಜಕುಮಾರಿ ಓಡಿ ಬಂದು ಟೋಪನ್ ಅವನ ತಲೆಗೆ ಹಿಂದುಮುಂದಾಗಿ ಇಟ್ಟು ಎರಡೂ ಕೈಯಿಂದ ಒತ್ತಿ ಹಿಡಿದಳು.

"ಏ ಹುಡುಗಿ, ಇಲ್ಲಿ ನಿನ್ನ ಪಾರ್ಟ್ ಇಲ್ಲ!" ಪರದೆ ಹಿಂದಿನಿಂದ ಹೆಡ್‌ಮಾಸ್ತರು.

"ಮತ್ತ ಬಿದ್ರ ಯಾರು ಹಿಡೀತಾರ್ರಿ?" ಅಂದಳು. ಆಮೇಲೆ ಅವನಿಗೆ ಮೆಲ್ಲಗೆ, "ನೀ ಅಳೋ, ನಾ ಹಿಡದೀನಿ."

ಮರುದಿನ ಹೆಡ್‌ಮಾಸ್ತರು ಚೌಕಾಸಿಗೆ ಇಳಿದರು. "ಟೋಪನ್ ನಿಲ್ಲಲಿಲ್ಲ ಸಾವ್ಕಾರ್ರೀ, ಅದರ ಬಾಡಿಗಿ ಮುರಕೊಳ್ರಿ."

"ನಿಂತಿದ್ರ ನಿಮ್ಮ ನಾಟಕ ಇಷ್ಟು ಚಲೋ ಆಗ್ತಿತ್ತೇನ್ರಿ?"

ಪೂರ್ತಿ ಬಾಡಿಗೆ ಎಣಿಸಿ ಕೊಟ್ಟರು. ತಾಯಿಯ ನಗು, ಮಗನ ಅಳು ಎರಡೂ ಅದರಲ್ಲೇ ಬಂದವು. ಅವಕ್ಕೆಂದು ನಾನು ಹೆಚ್ಚಿಗೆ ದುಡ್ಡು ಹಚ್ಚಲಿಲ್ಲ.