ಮುಟ್ಟದೆ ತಿರುಗಿಸುವ ಮಾವ

ನಮ್ಮ ಸೋದರಮಾವ ಕೈ ತಾಗಿಸದೆ ಏನನ್ನು ಬೇಕಾದರೂ ತಿರುಗಿಸಬಲ್ಲರು! ವಸ್ತು ಮಾತ್ರ ಕಣ್ಣಿಗೆ ಕಾಣದಷ್ಟು ಚಿಕ್ಕದಿರಬೇಕು, ಅಷ್ಟೇ.

ತರೀಕೆರೆಯಲ್ಲಿ ಫಿಸಿಕ್ಸ್ ಪಾಠ ಹೇಳಿ ನಿವೃತ್ತರಾದವರು. ಊಟದ ಮೇಜಿನ ಮೇಲೆ ಹಳೆಯ ಮೈಕ್ರೋಸ್ಕೋಪು, ಅದಕ್ಕೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಮೊಬೈಲು, ಪಕ್ಕದಲ್ಲೊಂದು ಲೇಸರ್ ಟಾರ್ಚು. ಗಾಜಿನ ಮೇಲೆ ಹನಿ ನೀರು, ಅದರಲ್ಲಿ ಅತ್ತೆಯ ಡಬ್ಬಿಯಿಂದ ಕದ್ದ ಕಾಡಿಗೆಯ ಕಣ. ಬೆಳಕು ಬಿದ್ದರೆ ಕಾಡಿಗೆ ಕಾಯುತ್ತದಂತೆ, ಸುತ್ತಲಿನ ನೀರು ಹರಿಯುತ್ತದಂತೆ, ಆ ಹರಿವಿಗೆ ಕಣ ಹೊರಳುತ್ತದಂತೆ. ಮತ್ತೆ ಊಟ? ನೆಲದ ಮೇಲೆ!

ಪಕ್ಕದ ಮನೆಯವರು ಒಮ್ಮೆ ಮೊಬೈಲಿನಲ್ಲಿ ಕಪ್ಪು ಚುಕ್ಕೆ ಸುತ್ತುವುದನ್ನು ನೋಡಿ, "ಮೇಷ್ಟ್ರೇ, ನಮ್ಮೆಮ್ಮೆ ಬಾಗಿಲಿಗಡ್ಡ ಮಲಗೈತೆ, ಅದಕ್ಕೂ ಒಂಚೂರು ಲೈಟ್ ಬಿಡ್ರೀ" ಎಂದರು. ಮಾವ ನಗಲಿಲ್ಲ. "ಎಮ್ಮೆ ತೂಕ ಎಷ್ಟಿರ್ಬೋದು?" ಎಂದು ಕೇಳಿದರು!

ಹೇಗೆ ನಕ್ಕಾರು? ಒಳಕೋಣೆಯಲ್ಲಿ ಅತ್ತೆ ಲಕ್ವ ಹೊಡೆದು ಮಲಗಿದ್ದರು. ಬೆನ್ನೆಲ್ಲ ಹುಣ್ಣು. ಮಗ್ಗುಲು ಬದಲಿಸದಿದ್ದರೆ ಹುಣ್ಣು ಬೆಳೆಯುತ್ತದೆ. ಬದಲಿಸಲು ಮುಟ್ಟಿದರೆ ಚೀರುತ್ತಾರೆ. ಅವರು ಚೀರಿದಾಗಲೆಲ್ಲ ಮಾವ ಕೈ ಹಿಂದಕ್ಕೆಳೆದುಕೊಂಡು ಹೊರಗೆ ಬಂದು ಮೈಕ್ರೋಸ್ಕೋಪಿನ ಮುಂದೆ ಕೂರುವರು. ಹೊರಳಿಸುವ ಕೆಲಸ ಸೊಸೆಯ ಪಾಲಿಗೆ.

ಅಜ್ಜಂಪುರದಿಂದ ಬಂದ ನನ್ನಮ್ಮ ತಮ್ಮನ ಮೇಲೆ ಹರಿಹಾಯ್ದಳು.

"ಹೆಂಡ್ತಿ ಅಲ್ಲಿ ನರಳ್ತಾ ಬಿದ್ದವ್ಳೆ, ನೀನಿಲ್ಲಿ ಕಾಡಿಗೆ ಕುಣಿಸ್ತಾ ಕೂತಿದೀಯಲ್ಲೋ!"

"ಮುಟ್ಟದೇನೇ ಹೊರಳಿಸ್ಬೋದು ಅಕ್ಕಾ. ಇವತ್ತು ಹೊರಳ್ತು ನೋಡು."

"ಅವಳೇನು ಕಾಡಿಗೇನೇನೋ?"

ಒಳಗಿನಿಂದ ಅತ್ತೆಯ ತೊದಲು ದನಿ ಬಂತು: "ಡಬ್ಬಿ... ಖಾಲಿ ಮಾಡ್ಬೇಡಿ ಅನ್ನಿ."

ಆ ನೋವಿನಲ್ಲೂ ಗಂಡನನ್ನು ರೇಗಿಸುವ ಹೆಂಗಸು! ನಾವೆಲ್ಲ ನಕ್ಕೆವು. ಮಾವ ಮಾತ್ರ ಟಾರ್ಚಿನ ಸೆಲ್ ಬದಲಿಸುತ್ತಿದ್ದರು.

ಮಳೆಗಾಲ ಹಿಡಿಯುವ ಮೊದಲೇ ಅತ್ತೆ ಹೋದರು. ತಲೆ ದಕ್ಷಿಣಕ್ಕಿರಬೇಕಲ್ಲ, ತಿರುಗಿಸಿ ಮಲಗಿಸಲು ನಾವು ಕೈ ಹಾಕಿದೆವು. ಎಮ್ಮೆಯ ಯಜಮಾನರೂ ಬಂದರು. ಮಾವ ಅಡ್ಡ ನಿಂತರು.

"ಮುಟ್ಬೇಡಿ ಕಣ್ರಪ್ಪಾ, ನೋಯುತ್ತೆ ಅವಳಿಗೆ."

ನಾವು ಕೈ ಹಿಂತೆಗೆದೆವು. ಕೊನೆಗೆ ಅವರೇ ಬಗ್ಗಿ, ಅತ್ತೆಯ ಬೆನ್ನಡಿ ಎರಡೂ ಕೈ ಇಟ್ಟು, ನಮ್ಮೊಂದಿಗೆ ನಿಧಾನವಾಗಿ ತಿರುಗಿಸಿದರು. ಅತ್ತೆ ಚೀರಲಿಲ್ಲ.

ಮಾವ ಕೈ ತೆಗೆಯದೆ ಅವರ ಮುಖವನ್ನೇ ನೋಡುತ್ತ ಕೇಳಿದರು: "ನೋಯ್ಲಿಲ್ಲ ತಾನೆ?"