ರಾಷ್ಟ್ರನಾಯಕರ ಕಟ್ಟೆಯಲ್ಲಿ ಬಸ್ ನಿಲ್ಲಬೇಕೆ ಎಂಬ ಬಗ್ಗೆ

ಇತಿಹಾಸ ಮತ್ತು ಬಸ್ ನಿಲುಗಡೆ ಸಮನ್ವಯ ಘಟಕ, ಜೊಯಿಡಾ
ಸಂಖ್ಯೆ: ಇಬನಿ/ಕಟ್ಟೆ/07/2025-26
ದಿನಾಂಕ: 09-06-2025

ಸುತ್ತೋಲೆ

ವಿಷಯ: ರಾಷ್ಟ್ರನಾಯಕರ ಕುರಿತ ಪರಿಷ್ಕೃತ ಇತಿಹಾಸಗಳ ತೀರ್ಮಾನ ಹಾಗೂ ಬೆಳಗಿನ 7.40ರ ಬಸ್ಸಿನ ಬಗ್ಗೆ.

ಉಲ್ಲೇಖ: 1) ಮೇಲಿನ ಕಚೇರಿಯ ಪತ್ರ. 2) ಅದರ ನೆನಪೋಲೆ. 3) ಚಾಂದಬಿ ಅವರ ಹೇಳಿಕೆ, ಬಸ್ಸಿನ ಮೆಟ್ಟಿಲ ಮೇಲೆ ದಾಖಲಿಸಿದ್ದು.

ಕುಂಬಾರವಾಡ–ಜೊಯಿಡಾ ರಸ್ತೆಯ ಕಲ್ಲುಕಟ್ಟೆಯ ಮೇಲೆ ರಾಷ್ಟ್ರನಾಯಕರು ತೊಂಬತ್ತು ವರ್ಷಗಳ ಹಿಂದೆ ಮೂರು ಗಂಟೆ ಕುಳಿತು ದೇಶದ ಭವಿಷ್ಯವನ್ನು ಚಿಂತಿಸಿದರೆಂಬ ಒಂದೇ ಕಾರಣಕ್ಕೆ ಅಲ್ಲಿ ನಿಲುಗಡೆ ಮಂಜೂರಾಗಿರುತ್ತದೆ. ಸಮೀಪದ ಸಿದ್ದಿ ಜನರ ವಾಡಿಯಲ್ಲಿ ಏಳೇ ಮನೆಗಳಿದ್ದು, ನಿಲುಗಡೆಗೆ ಅಷ್ಟು ಸಾಲದು. ಈಗ ಎರಡು ಹೊಸ ಪುಸ್ತಕಗಳು ಬಂದಿವೆ. ಒಂದರ ಪ್ರಕಾರ ಅವರು ಇಲ್ಲಿಗೆ ಬಂದೇ ಇಲ್ಲ. ಇನ್ನೊಂದರ ಪ್ರಕಾರ ಬಂದರು, ಆದರೆ ನಿದ್ದೆ ಮಾಡಿದರು. ನಿದ್ದೆ ಮಾಡಿದ ಸ್ಥಳಕ್ಕೆ ನಿಲುಗಡೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಪುಸ್ತಕಗಳನ್ನು ತೀರ್ಮಾನಿಸಿ, ನಿಲುಗಡೆಯನ್ನು ಉಳಿಸುವ ಅಥವಾ ರದ್ದುಪಡಿಸುವ ಕೆಲಸ ಈ ಘಟಕಕ್ಕೆ ಬಂದಿರುವುದರಿಂದ, ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಕಟ್ಟೆಯ ಮೇಲೆ ಕುಳಿತದ್ದು ರಾಷ್ಟ್ರನಾಯಕರಲ್ಲ, ಅವರನ್ನೇ ಹೋಲುವ ಕಟ್ಟಿಗೆ ಗುತ್ತಿಗೆದಾರರು ಎಂದು ಮೊದಲ ಪುಸ್ತಕದ ಪುಟ 88ರಲ್ಲಿದೆ. ಆ ಗುತ್ತಿಗೆದಾರರೂ ಅಂದು ಮನೆಯಲ್ಲೇ ಇದ್ದರೆಂದು ಅವರ ಮೊಮ್ಮಕ್ಕಳು ಕುಳಗಿಯಿಂದ ಬರೆದಿದ್ದಾರೆ. ಹಾಗಾಗಿ ಸದ್ಯಕ್ಕೆ ಕಟ್ಟೆಯ ಮೇಲೆ ಯಾರೆಂದು ಗೊತ್ತಿಲ್ಲದ ಒಬ್ಬರು ಕುಳಿತಿದ್ದಾರೆಂದು ಭಾವಿಸತಕ್ಕದ್ದು.

2. ಚಿಂತನೆಗೂ ನಿದ್ದೆಗೂ ಇರುವ ವ್ಯತ್ಯಾಸ ತಿಳಿಯಲು ಸಿಬ್ಬಂದಿಯಾದ ಶ್ರೀ ಉಳವಪ್ಪ ಅವರನ್ನು ಕಟ್ಟೆಯ ಮೇಲೆ ಮೂರು ಗಂಟೆ ಕೂರಿಸಲಾಯಿತು. ತಾವು ಚಿಂತಿಸಿದ್ದಾಗಿ ಅವರು ವರದಿ ನೀಡಿದ್ದಾರೆ. ಪಕ್ಕದಲ್ಲಿದ್ದ ಶ್ರೀ ಜೇವಿಯರ್ ಅವರು ವರದಿಗೆ ಸಹಿ ಹಾಕಲು ಒಪ್ಪಿರುವುದಿಲ್ಲ.

3. ರಾಷ್ಟ್ರನಾಯಕರ ಗೌರವ ಹೆಚ್ಚಿಸುವ ಪುಟಗಳನ್ನು ಎದ್ದು ನಿಂತು, ಕಡಿಮೆ ಮಾಡುವ ಪುಟಗಳನ್ನು ಕುಳಿತು ಓದತಕ್ಕದ್ದು. ಯಾವುದೆಂದು ತಿಳಿಯದ ಪುಟಗಳಲ್ಲಿ ಕುರ್ಚಿಯಿಂದ ಅರ್ಧ ಎದ್ದಿರತಕ್ಕದ್ದು. ಬೆನ್ನುನೋವಿನ ರಜೆಗೆ ಪುಟಸಂಖ್ಯೆ ನಮೂದಿಸುವುದು ಕಡ್ಡಾಯ.

4. ಹಳೆಯ ಇತಿಹಾಸಕ್ಕೂ ಪುರಾವೆ ಇಲ್ಲದಿರುವುದು ಪರಿಶೀಲನೆಯ ವೇಳೆ ಗಮನಕ್ಕೆ ಬಂದಿದೆ. ಇದುವರೆಗೆ ಯಾರೂ ಕೇಳದ ಕಾರಣ ಯಾರೂ ಕೊಟ್ಟಿಲ್ಲ. ಇದನ್ನು ಇಲ್ಲಿ ಬರೆಯಬಹುದೇ ಎಂದು ಮೂರು ಬಾರಿ ಯೋಚಿಸಿ ಬರೆಯಲಾಗಿದೆ.

5. ತೀರ್ಮಾನವಾಗುವವರೆಗೆ ಬಸ್ ಅರ್ಧ ನಿಲ್ಲತಕ್ಕದ್ದು, ಅಂದರೆ ನಿಧಾನವಾಗಿ ಹೋಗತಕ್ಕದ್ದು ಎಂದು ಈ ಹಿಂದೆ ಈ ಘಟಕದಿಂದಲೇ ಆದೇಶಿಸಲಾಗಿತ್ತು. ಕಳೆದ ಸೋಮವಾರ ವಾಡಿಯ ಕು. ಮುಸ್ಕಾನ, ಒಂಬತ್ತನೆಯ ತರಗತಿ, ಇವರು ಅರ್ಧ ನಿಂತ ಬಸ್ಸನ್ನು ಹತ್ತಲು ಹೋಗಿ ಬಿದ್ದು, ಮೊಣಕಾಲಿಗೆ ಗಾಯವಾಗಿ, ಅಂದಿನಿಂದ ಶಾಲೆಗೆ ಹೋಗಿರುವುದಿಲ್ಲ. ಮುಂದಿನ ನಿಲುಗಡೆ ಕಾಡಿನ ದಾರಿಯಲ್ಲಿ ಐದು ಕಿ.ಮೀ. ಸದರಿ ಆದೇಶವನ್ನು ವಿಷಾದದೊಂದಿಗೆ ಹಿಂಪಡೆಯಲಾಗಿದೆ.

6. ಮುಸ್ಕಾನ ಅವರ ಅಜ್ಜಿ ಚಾಂದಬಿ ಅವರ ಹೇಳಿಕೆ ಯಥಾವತ್ತಾಗಿ ಹೀಗಿದೆ: “ನಮ್ಮ ದಾದಿ, ಅಂದ್ರ ನಮ್ಮಪ್ಪನ ಅವ್ವ, ಅವರಿಗೆ ನೀರ ಕೊಟ್ಟಿದ್ಲರೀ. ಅವರು ಚಿಂತೀನೂ ಮಾಡ್ಲಿಲ್ಲ, ನಿದ್ದೀನೂ ಮಾಡ್ಲಿಲ್ಲ. ಮೋಟಾರ ಬಂದಿರಲಿಲ್ಲ, ಕಾಯ್ಕೊಂತ ಕುಂತಿದ್ರು. ನಾವೂ ಅದಕ್ಕ ಕುಂದರ್ತೀವಿ. ಇದರಾಗ ಪುಸ್ತಕ ಬರಿಯೂದೇನೈತ್ರಿ?”

ಪರಿಶೀಲಿಸಿದ ಇತಿಹಾಸಗಳ ಪೈಕಿ ಸ್ಥಳೀಯ ಪರಿಸ್ಥಿತಿಗೆ ಹೊಂದುವುದು ಇದೊಂದೇ. ಆದರೆ ಇದು ಪುಸ್ತಕವಲ್ಲದ ಕಾರಣ ಒಪ್ಪುವ ಅಧಿಕಾರ ಘಟಕಕ್ಕಿಲ್ಲ.

7. ಆದಾಗ್ಯೂ, ಹೇಳಿಕೆ ನೀಡಿದವರಿಗೆ ಎರಡೂ ಪುಸ್ತಕಗಳ ನಕಲು ಕೊಟ್ಟು, ಆಕ್ಷೇಪಣೆ ಪಡೆಯದೆ ಯಾವುದೇ ನಿಲುಗಡೆ ರದ್ದುಪಡಿಸುವಂತಿಲ್ಲ. ವಾಡಿಗೆ ಅಂಚೆ ಹೋಗದ ಕಾರಣ ನಕಲನ್ನು ಕಟ್ಟೆಯ ಬಳಿ ಬಸ್ಸನ್ನು ಪೂರ್ತಿ ನಿಲ್ಲಿಸಿ ಕೈಗೆ ಕೊಡತಕ್ಕದ್ದು. ನಿರ್ವಾಹಕರ ಚೀಲದ ಭಾರವನ್ನು ಪರಿಗಣಿಸಿ ದಿನಕ್ಕೆ ಒಂದೇ ಪುಟ. ಬೆಳಿಗ್ಗೆ ಕೊಟ್ಟ ಪುಟಕ್ಕೆ ಸಂಜೆ ಮರಳುವಾಗ, ಮತ್ತೆ ಪೂರ್ತಿ ನಿಲ್ಲಿಸಿ, ಸ್ವೀಕೃತಿ ಪಡೆಯತಕ್ಕದ್ದು. ಶಾಲೆ ಇಲ್ಲದ ದಿನ ಪುಟವೂ ಇಲ್ಲ.

8. ಒಟ್ಟು ಪುಟಗಳು 437. ಮುಸ್ಕಾನ ಅವರ ಹತ್ತನೆಯ ತರಗತಿ ಮುಗಿಯಲು ಉಳಿದ ಶಾಲಾ ದಿನಗಳು 431. ಹೆಚ್ಚಿನ ಆರು ಪುಟಗಳನ್ನು ಪರೀಕ್ಷೆಯ ಆರು ದಿನಗಳಿಗೆ ಕಾಯ್ದಿರಿಸಲಾಗಿದೆ. ಅಲ್ಲಿಯವರೆಗೆ ರಾಷ್ಟ್ರನಾಯಕರ ಬಗ್ಗೆ ಯಾವ ಅಭಿಪ್ರಾಯಕ್ಕೂ ಬರಲಾಗುವುದಿಲ್ಲ.

(ಸಹಿ ಇದೆ)
ದ್ವಿತೀಯ ದರ್ಜೆ ಸಹಾಯಕರು,
ಅಧೀಕ್ಷಕರ ಹುದ್ದೆಯ ಹೆಚ್ಚುವರಿ ಪ್ರಭಾರ

ಪ್ರತಿಗಳು:
1. ಮೇಲಿನ ಕಚೇರಿಗೆ. ಮತ್ತೆ ನೆನಪೋಲೆ ಕಳುಹಿಸುವ ಅಗತ್ಯವಿರುವುದಿಲ್ಲ.
2. ಇಬ್ಬರು ಲೇಖಕರಿಗೆ. ಕಟ್ಟೆಯನ್ನು ನೋಡಬಯಸಿದಲ್ಲಿ ಬಸ್ ನಿಲ್ಲುತ್ತದೆ.
3. ಚಾಲಕ ಶ್ರೀ ರೋಹಿದಾಸ, ನಿರ್ವಾಹಕ ಶ್ರೀ ಶೌಕತ ಅವರಿಗೆ, ಅನುಸರಣೆಗಾಗಿ.
4. ಶ್ರೀಮತಿ ಚಾಂದಬಿ ಅವರಿಗೆ. ಪುಟ 1 ಮಾತ್ರ ಲಗತ್ತಿಸಿದೆ.